ಎರಡನೆಯ ತಗಡು

ಭಟ್ಟಿಯ ಬಾಗಿಲು ತೆರೆದು ಸಂಯುಕ್ತಾ ಬಗ್ಗಿ ನೋಡಿದಳು. ಒಳಗೆ ತೂಗುಹಾಕಿದ್ದ ನಾಲ್ಕು ಕಬ್ಬಿಣದ ತಗಡುಗಳಲ್ಲಿ ಎರಡನೆಯದರ ಬಣ್ಣ ಗುಳ್ಳೆ ಎದ್ದಿತ್ತು. ಎದ್ದರೂ ಎಲ್ಲೆಂದರಲ್ಲಿ ಎದ್ದಿರಲಿಲ್ಲ. ಅಡ್ಡಲಾಗಿ ಮೂರು ಸಾಲು, ಒಂದೊಂದೂ ಬೆರಳಗಲ. ಅದು ಯಾರ ಬೆರಳು ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಸುಂದರಾಬಾಯಿ ಶೆಡ್ಡಿಗೆ ಬಂದು ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ ಹೋಗುವುದು ಹಳೆಯ ರೂಢಿ. ಮೊನ್ನೆಯೂ ಬಂದಿದ್ದಾಳೆ. ದೀಪಕ್ಕೆ ಎಣ್ಣೆ ಹಾಕಿದ ಕೈಯಿಂದಲೇ, ಥಿನ್ನರಿನಲ್ಲಿ ತೊಳೆದು ಸಾಲಾಗಿ ಇಟ್ಟಿದ್ದ ತಗಡುಗಳಲ್ಲಿ ಒಂದಕ್ಕೆ ಮೂರು ಬೆರಳು ಎಳೆದಿದ್ದಾಳೆ. ಆಮೇಲೆ ಮಗಳು ಬೈದಾಳೆಂದು ಸೆರಗಿನಿಂದ ಒರೆಸಿಯೂ ಹೋಗಿರಬೇಕು. ಬೂದಿ ಹೋಯಿತು, ಎಣ್ಣೆ ಉಳಿಯಿತು. ಬಣ್ಣ ಬಳಿಯುವ ಮುನ್ನ ಇನ್ನೊಮ್ಮೆ ತೊಳೆಯಬೇಕಿತ್ತು. ಯಾರು ಮುಟ್ಟುತ್ತಾರೆ ಎಂಬ ಧೈರ್ಯದಲ್ಲಿ ಸಂಯುಕ್ತಾ ತೊಳೆದಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳ ಧೈರ್ಯ ಅದು!

ತೆಲುಗು ನಾಡಿನ ನಗರದಂಚಿಗಿರುವ ಕುಷಾಯಿಗೂಡದ ಮನೆಯ ಹಿಂದಿನ ಈ ಶೆಡ್ಡಿನಲ್ಲಿ ಅವಳು ಐದು ವರ್ಷ ಸವೆಸಿದ್ದಳು. ಅಡಿಗೆಮನೆಯ ಹೊಗೆಕೊಳವೆಗೆ ಬಳಿಯುವ, ಕಾವು ತಡೆಯುವ ಸಿಲಿಕೋನ್ ಬಣ್ಣ ಪೇಟೆಯಲ್ಲಿ ಸಿಗುತ್ತದೆ, ಆದರೆ ಅದರ ಬೆಲೆ ಕೇಳಿದರೆ ಹಾಸ್ಟೆಲ್ ನಡೆಸುವವರು ಅಂಗಡಿಯ ಮೆಟ್ಟಿಲನ್ನೇ ಇಳಿದುಬಿಡುತ್ತಾರೆ. ಅದಕ್ಕೇ ಅವಳು ಅಕ್ಕಿ ಗಿರಣಿಗಳು ಚೆಲ್ಲುವ ಹೊಟ್ಟಿನ ಬೂದಿಯಿಂದ ಸಿಲಿಕಾ ತೆಗೆದು, ಕಡಿಮೆ ರಾಳದಲ್ಲಿ ಕಲಸಿ, ಮೂರನೇ ಒಂದು ಪಾಲು ಖರ್ಚಿನಲ್ಲಿ ಬಣ್ಣ ಮಾಡಿದ್ದಳು. ಇಂದು ಅದರ ಸರಕಾರಿ ಪರೀಕ್ಷೆ. ನಂಬರಿನ ಬಿಲ್ಲೆ ಕಟ್ಟಿದ ಮೂರು ತಗಡು, ಐನೂರು ಡಿಗ್ರಿ, ನಾಲ್ಕು ಗಂಟೆ; ಬಳಿಕ ಬಿಸಿಬಿಸಿಯಾಗಿಯೇ ತಣ್ಣೀರಿಗೆ. ಒಂದೇ ಒಂದು ತಗಡಿನ ಬಣ್ಣ ಕಿತ್ತರೂ ನಪಾಸು. ಉಳಿದರೆ ನಗರದ ಸರಕಾರಿ ಹಾಸ್ಟೆಲ್‌ಗಳ ಅಡಿಗೆಮನೆ ಚಿಮಣಿಗಳಿಗೆಲ್ಲ ಇವಳದೇ ಬಣ್ಣ.

ಪರೀಕ್ಷಕ ವೈಜನಾಥ ಊಟಕ್ಕೆ ಹೋಗಿದ್ದ. ಬೀದರಿನವನು. ಬೆಳಿಗ್ಗೆ ಇವರ ಕನ್ನಡ ಕೇಳಿದ್ದೇ ಮುಖ ಅರಳಿಸಿ, "ನೀವು ನಮ್ಮ ಕಡಿಯವರ ಆದ್ರಿ, ನಿಮ್ಮ ಮ್ಯಾಲ ನಂಬಿಕಿ ಐತ್ರಿ" ಎಂದಿದ್ದ. ಗಂಟೆಗೊಮ್ಮೆ ಬಾಗಿಲು ತೆರೆದು ನೋಡಲು ಅವನೇ ಒಪ್ಪಿಗೆ ಕೊಟ್ಟಿದ್ದ. ಬರಲು ಇನ್ನು ಹದಿನೈದು ನಿಮಿಷವಿತ್ತು.

ಅಪ್ಪ ಅಮರೇಶಪ್ಪನೂ ಬಗ್ಗಿ ನೋಡಿದರು. ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು.

"ನಿಮ್ಮವ್ವನ ಕೈ" ಎಂದರು. ಆಮೇಲೆ ದನಿ ಇಳಿಸಿ, "ಇದರ ನಂಬರ್ ಬಿಲ್ಲಿ ತಗದು ನಾಲ್ಕನೇ ತಗಡಿಗೆ ಕಟ್ಟು. ಹೆಚ್ಚಿಗಿ ಇರಲಿ ಅಂತ ಇಟ್ಟದ್ದು ಇಂಥಾದ್ದಕ್ಕ ಅಲ್ಲೇನು?"

"ಅಪ್ಪಾ, ಅದು..."

"ಅದೂ ನಿನ್ನ ಬಣ್ಣನ ಐತಿ, ಅದ ಡಬ್ಬಿದು. ಅವರು ಪರೀಕ್ಷಾ ಮಾಡಾಕ ಬಂದದ್ದು ಬಣ್ಣಾನ, ನಿಮ್ಮವ್ವನ ಭಕ್ತಿನ ಅಲ್ಲ. ಇದರಾಗ ಮೋಸ ಎಲ್ಲೈತಿ? ಲಗೂ ಮಾಡು!"

ಮಾತಿನಲ್ಲಿ ತಪ್ಪು ಹುಡುಕಲು ಅವಳಿಗಾಗಲಿಲ್ಲ. ಇಕ್ಕಳ ಕೈಗೆ ಬಂತು. ಭಟ್ಟಿಯ ಝಳಕ್ಕೆ ಹುಬ್ಬಿನಿಂದ ಬೆವರು ಕಣ್ಣಿಗಿಳಿಯಿತು. ಎರಡನೆಯ ತಗಡಿನ ಕೊಕ್ಕೆಯಿಂದ ಬಿಲ್ಲೆ ಬಿಡಿಸಿ ಇಕ್ಕಳದಲ್ಲಿ ಹಿಡಿದೂ ಆಯಿತು. ಇನ್ನು ನಾಲ್ಕನೆಯದಕ್ಕೆ ಸಿಕ್ಕಿಸಿದರೆ ಮುಗಿಯಿತು.

ಆಗ ನೆನಪಾದದ್ದು ಯಂಕಮ್ಮ. ಅಮೀರ್‌ಪೇಟೆಯ ಹಾಸ್ಟೆಲೊಂದರಲ್ಲಿ ಇನ್ನೂರು ಮಂದಿಗೆ ಬೇಯಿಸಿ ಹಾಕುವವಳು. ಹೋದ ವರ್ಷ ತುಕ್ಕು ತಿಂದ ಚಿಮಣಿ ಕಳಚಿ ಅವಳ ಮುಂಗೈ ಮೇಲೆ ಬಿದ್ದಿತ್ತು. ಕೊಳವೆಯ ಅಳತೆಗೆಂದು ಸಂಯುಕ್ತಾ ಹೋದಾಗ, ಸುಟ್ಟ ಕಲೆಯ ಅದೇ ಕೈಯಿಂದ ಯಂಕಮ್ಮ ಬಾಣಲೆಯ ಪೂರಿ ತೆಗೆದು, ಅದೇ ಜಿಡ್ಡು ಕೈಯನ್ನು ಕೊಳವೆಗೆ ಊರಿ, "ಇಕ್ಕಡ ಚೂಡಮ್ಮಾ" ಎಂದು ತೆಲುಗಿನಲ್ಲಿ ಕರೆದು ಅಳತೆಯ ಜಾಗ ತೋರಿಸಿದ್ದಳು. ಆಮೇಲೆ ಕೊಳವೆ ಜಿಡ್ಡಾಯಿತೆಂದು ಸೆರಗಿನಿಂದ ಒರೆಸಿದ್ದಳು. ಥೇಟು ಅವ್ವನ ಹಾಗೆ.

ಬಣ್ಣ ಬಳಿಯುವ ಮುನ್ನ ಅಲ್ಲಿ ಕೊಳವೆಯನ್ನು ಥಿನ್ನರಿನಲ್ಲಿ ತೊಳೆಯುವವರು ಯಾರು? ಅಲ್ಲಿ ನಾಲ್ಕನೆಯ ತಗಡು ಎಲ್ಲಿಂದ ಬರಬೇಕು?

ಸಂಯುಕ್ತಾಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಬಿಲ್ಲೆಯನ್ನು ಮತ್ತೆ ಎರಡನೆಯ ತಗಡಿಗೇ ಸಿಕ್ಕಿಸಿ ಬಾಗಿಲು ಮುಚ್ಚಿದಳು.

"ಐದು ವರ್ಷ!" ಎಂದರು ಅಪ್ಪ. ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ನಾಲ್ಕು ಗಂಟೆ ತುಂಬಿದಾಗ ವೈಜನಾಥ ತಾನೇ ಇಕ್ಕಳ ಹಿಡಿದ. ಒಂದನೆಯ ತಗಡು ಚುಂಯ್ ಎಂದು ನೀರಿಗಿಳಿದು ಹಾಗೆಯೇ ಎದ್ದು ಬಂತು. ಮೂರನೆಯದೂ ಬಂತು. ಎರಡನೆಯದರಿಂದ ಮಾತ್ರ ಮೂರು ಪಟ್ಟಿ ಬಣ್ಣ ಕಳಚಿ ನೀರಿನ ಮೇಲೆ ತೇಲಿತು.

"ಛೇ, ಯಾಕ ಹಿಂಗಾತ್ರಿ?"

"ಬಣ್ಣದ ಕೆಳಗ ಎಣ್ಣಿ ಕೈ ಹತ್ತಿತ್ರಿ ಸರ್."

ವೈಜನಾಥನಿಗೆ ನಿಜವಾಗಿಯೂ ಕನಿಕರವಾಯಿತು. "ಹಂಗಾರ ಬಣ್ಣದ ತಪ್ಪಲ್ಲಲ್ರಿ? ತಗಡು ಹೊಲಸಿತ್ತು ಅಂತ ಬರದ್ರ ಇನ್ನೊಂದು ತಾರೀಖ ಕೊಡತಾರ. ಬರೀಲೇನು?"

ಅಪ್ಪ ಸ್ಟೂಲಿನಿಂದ ಎದ್ದೇ ನಿಂತರು. ಮಗಳು ಹ್ಞೂಂ ಎಂದರೆ ಸಾಕಿತ್ತು.

"ಬಣ್ಣದ್ದ ತಪ್ಪು ಅಂತ ಬರೀರಿ ಸರ್" ಎಂದಳು ಸಂಯುಕ್ತಾ. "ಅಡಿಗಿಮನ್ಯಾಗ ಎಣ್ಣಿ ಇಲ್ಲದ ಕೈ ಎಲ್ಲಿರತಾವರಿ? ಅದನ್ನ ತಡಕೊಳ್ಳದ ಬಣ್ಣ ಅಲ್ಲಿ ಏನ್ ಕೆಲಸಕ್ಕ ಬರತೈತಿ?"

ವೈಜನಾಥ ಪೆನ್ನು ಹಿಡಿದು ಕಾಗದ ಮುಂದೆಳೆದುಕೊಂಡ. ನಪಾಸು ಎಂದು ಬರೆದ. "ಮತ್ತ ಅರ್ಜಿ ಹಾಕ್ರಿ. ಕರೀತಾರ ಅಂತ ಮಾತ್ರ ನಾ ಮಾತು ಕೊಡಾಂಗಿಲ್ಲ" ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದ.

ಅವನ ಬೈಕಿನ ಸದ್ದು ಓಣಿ ದಾಟುವ ಮೊದಲೇ ಸುಂದರಾಬಾಯಿ ರೊಟ್ಟಿಯ ಡಬ್ಬಿ ಹಿಡಿದು ಬಂದಳು. "ಪಾಸಾತೇನವ್ವಾ? ಮುಂಜಾನಿಂದ ಒಂದ ಸವನ ದೇವರ ಮುಂದ ಕುಂತೀನಿ."

ಅವಳ ಕಣ್ಣು ಗೋಡೆಗೊರಗಿಸಿದ್ದ ತಗಡಿನ ಮೇಲೆ ಹೋಯಿತು. ಕಪ್ಪು ಬಣ್ಣದ ನಡುವೆ ಮೂರು ಬರಿಯ ಗೆರೆ. ಡಬ್ಬಿ ಕೆಳಗಿಟ್ಟಳು. ಬಲಗೈ ತಾನಾಗಿಯೇ ಸೆರಗಿನೊಳಗೆ ಸೇರಿಕೊಂಡಿತು.

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಸಂಯುಕ್ತಾ ಹೋಗಿ ಆ ಕೈಯನ್ನು ಸೆರಗಿನಿಂದ ಹೊರಗೆಳೆದಳು. ಬೆರಳುಗಳಿಗೆ ಇನ್ನೂ ದೀಪದ ಎಣ್ಣೆಯ ವಾಸನೆಯಿತ್ತು.

"ಅವ್ವಾ, ನಾಳೆ ಹತ್ತು ತಗಡು ಇಡತೀನಿ. ಎಲ್ಲಾದಕ್ಕೂ ವಿಭೂತಿ ಹಚ್ಚು. ದೀಪಕ್ಕ ಎಣ್ಣಿ ಹಾಕಿದ ಮ್ಯಾಲ ಕೈ ತೊಳಕೋಬ್ಯಾಡ."

"ಮತ್ತ ಗುಳ್ಳಿ ಏಳತಾವಲ್ಲ, ನನ್ನವ್ವಾ?"

"ಏಳಲಿ. ಏಳೂದು ನಿಲ್ಲೂತನಕ ನೀ ಹಚ್ಚಕೋತ ಇರು."