ಮೈಮೂನಾ ಹಾಕಿದ ಜಾಯಿಂಟು

ಕ್ಲೋರೋಫಾರ್ಮಿನ ಸಿಹಿ ವಾಸನೆ, ಮೈಮೂನಾ ಸಿರಿಂಜು ಒತ್ತಿದಳು ಅಂತ ಲೆಕ್ಕ, ನೋಡುವುದೇ ಬೇಡ, ಆದರೂ ನೋಡುತ್ತೇನೆ — ಎರಡು ಅಕ್ರಿಲಿಕ್ ಹಾಳೆ ಕೂಡುವಲ್ಲಿ ಒಂದು ಬೂದು ಗೆರೆ, ನೀರಿನಂಥ ದ್ರವ ಅದರೊಳಗೆ ತಾನಾಗಿ ಓಡುತ್ತದೆ, ಓಡಿದಲ್ಲೆಲ್ಲ ಗೆರೆ ಮಾಯ, ಅಲ್ಲಿ ಎರಡು ಹಾಳೆ ಇದ್ದದ್ದೇ ಸುಳ್ಳು ಅನ್ನುವ ಹಾಗೆ. ನನ್ನ ಕೆಲಸ ನಿಲ್ಲಿಸಿದ ಹಾಳೆಯನ್ನು ಅಲುಗದಂತೆ ಹಿಡಿಯುವುದು, ಅಷ್ಟೇ, ನನ್ನದೇ ಅಂಗಡಿಯಲ್ಲಿ, ಹೊರಗೆ ಕಬೀರ್ ಅಕ್ರಿಲಿಕ್ ವರ್ಕ್ಸ್ ಅಂತ ಬೋರ್ಡು ಉಂಟು, ಅಕ್ಷರ ಕತ್ತರಿಸಿದವನೂ ನಾನೇ, ಒಳಗೆ ಹೆಂಡತಿ ಅಂಟಿಸುತ್ತಾಳೆ, ಗಂಡ ಹಿಡಿಯುತ್ತಾನೆ. ಎದುರು ಸ್ಟೂಲಿನಲ್ಲಿ ಪೆರಾಬೆಯ ಶ್ರೀರಾಮ ಭಟ್ರು, ಮುಜಂಟಿ ಅಂದರೆ ಚುಚ್ಚದ ಸಣ್ಣ ಜೇನು ಸಾಕುವವರು, ಗೂಡಿನೊಳಗೆ ಹುಳ ಎಂತ ಮಾಡ್ತದೆ ಅಂತ ಶಾಲೆಯ ಮಕ್ಕಳಿಗೆ ತೋರಿಸಲು ಅವರಿಗೆ ಈ ಪೆಟ್ಟಿಗೆ ಬೇಕು, ಆಲಂಕಾರಿನಲ್ಲಿ ಬಸ್ಸಿಳಿದು ಅಂಗಡಿಗೆ ಬಂದವರು ನನ್ನ ಮುಖ ನೋಡಿ ಕೇಳಿದ್ದು, ಮೈಮೂನಾ ಇದ್ದಾರಾ. ನಾನಿದ್ದೇನಲ್ಲ ಅಂದೆ. ನೀವು ಇದ್ದೀರಿ ಮಾರಾಯ್ರೆ, ಜಾಯಿಂಟು ಅವರೇ ಹಾಕಲಿ ಅಂತ.

ಯಾರು ಕಲಿಸಿದ್ದು ಇವಳಿಗೆ, ಶಾರ್ಜಾದ ಶೆಡ್ಡಿನಲ್ಲಿ ಬೈಗುಳ ತಿಂದು ಕಲಿತವನು ನಾನು, ಊರಿಗೆ ಬಂದು ಅಂಗಡಿ ಹಾಕಿದಾಗ ಇವಳು ವಾಸನೆಗೆ ತಲೆ ತಿರುಗುತ್ತದೆ ಅಂತ ಶಾಲು ಮೂಗಿಗೆ ಕಟ್ಟಿಕೊಂಡು ಹಾಳೆ ಹಿಡಿಯುತ್ತಿದ್ದಳು, ಈಗ ನಾನು ನಿಂತಿರುವಲ್ಲೇ. ಭಟ್ರ ಮೊದಲ ಪೆಟ್ಟಿಗೆ ನಾನೇ ಮಾಡಿದ್ದು, ಅಂಚು ಫಳಫಳ ಹೊಳೆಯಲಿ ಅಂತ ಬೆಂಕಿ ತಾಗಿಸಿದೆ, ಬೆಂಕಿ ತಾಗಿದ ಅಂಚಿಗೆ ಕ್ಲೋರೋಫಾರ್ಮ್ ಹಾಕಿದರೆ ಸೀಳು ಬೀಳುದಿಲ್ವಾ ಅಂತ ಮೆಲ್ಲಗೆ ಕೇಳಿದಳು, ನೀನು ಹಿಡಿ ಸಾಕು ಅಂದೆ, ಮರುದಿನ ಜೋಡಿಸಿದ ಕಡೆಯೆಲ್ಲ ಜೇಡನ ಬಲೆ ಹಾಗೆ ಸೀಳು. ಭಟ್ರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೋದರು, ಎರಡು ಮಾತು ಬೈದಿದ್ದರೆ ಒಳ್ಳೆದಿತ್ತು. ಇವಳು ಸೀಳಿದ ಅಂಚನ್ನೆಲ್ಲ ಕತ್ತರಿಸಿ ತೆಗೆದು, ಹೊಸ ಅಂಚನ್ನು ನೀರು ಹಾಕಿ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಸಪಾಟು ಮಾಡಿ ಅಂಟಿಸಿದಳು, ಆ ಪೆಟ್ಟಿಗೆ ಈಗಲೂ ಅವರ ಮನೆಯ ಜಗಲಿಯಲ್ಲಿ ಉಂಟಂತೆ, ಬಂದವರೆಲ್ಲ ಬೆರಳಿನಿಂದ ಜಾಯಿಂಟು ಹುಡುಕುತ್ತಾರಂತೆ, ಸುಳ್ಯದಿಂದ ಬಂದವರಿಗೂ ಸಿಗಲಿಲ್ಲವಂತೆ. ಅವರು ಹೇಳುತ್ತಲೇ ಇದ್ದಾರೆ, ಇವಳು ನಗುತ್ತಾಳೆ, ನನ್ನ ಮಾತಿಗೆ ಈ ನಗು ಯಾವಾಗ ಬಂದದ್ದು — ಸೂಜಿಯ ತುದಿ ಮೂಲೆಯ ಹತ್ತಿರ ಬಂತು, ಇನ್ನೊಂದು ಗೇಣು, ಅವಳ ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತದೆ, ಕೈ ಸ್ವಲ್ಪವೂ ನಡುಗುವುದಿಲ್ಲ ಇವಳದ್ದು, ನನ್ನದು ಮೊದಲಿನಿಂದಲೂ ನಡುಗುತ್ತದೆ, ಶಾರ್ಜಾದಲ್ಲೂ ನಡುಗುತ್ತಿತ್ತು. ಹೆಬ್ಬೆರಳು ಒಂದು ಕೂದಲಿನಷ್ಟು ಸರಿದರೆ ಸಾಕು, ಜಾಯಿಂಟು ಕೆಟ್ಟಿತು. ಸರಿಸುವುದಿಲ್ಲ. ಅಲುಗಬೇಡಿ, ಅಂಟು ಇನ್ನೂ ಹಿಡಿದಿಲ್ಲ, ಅಂದಳು ಅವಳು ತಲೆ ಎತ್ತದೆ, ಕೆಲಸದವನಿಗೆ ಹೇಳಿದ ಹಾಗೆ, ಭಟ್ರ ಎದುರು, ಆಗ ಹೆಬ್ಬೆರಳು ಸರಿಯಿತು, ಸರಿಸಿದೆ, ನಾನೇ.

ಒಳಗೆ ಗಾಳಿ ಹೋಯಿತು. ಗೆರೆಯ ನಡುವೆ ಒಂದು ಗುಳ್ಳೆ, ರಾಗಿ ಕಾಳಿನಷ್ಟು, ಬೆಳ್ಳಗೆ, ಇನ್ನು ಅದು ಹೋಗುವುದಿಲ್ಲ. ಅವಳು ಗುಳ್ಳೆ ನೋಡಿದಳು, ನನ್ನ ಹೆಬ್ಬೆರಳು ನೋಡಿದಳು, ಬಹಳ ಹೊತ್ತು ನೋಡಿದಳು, ಈಗ ಹೇಳುತ್ತಾಳೆ, ಹೇಳಲಿ, ಇವರೇ ಅಲುಗಿಸಿದ್ದು ಅಂತ ಹೇಳಲಿ, ಆಗ ನಾನೂ ನಾಲ್ಕು ಮಾತು ಆಡಬಹುದು. ಭಟ್ರು ಬಗ್ಗಿ ಎಂತ ಆಯ್ತು ಅಂತ ಕೇಳಿದರು.

ನನ್ನ ಕೈ ತಪ್ಪಿತು ಭಟ್ರೆ, ಅಂದಳು.

ಅಷ್ಟೇ ಅಲ್ವಾ, ಇರಲಿ ಬಿಡಿ, ಜೇನಿಗೆ ಎಂತ ಗೊತ್ತಾಗ್ತದೆ, ಅಂತ ಅವರು ನಕ್ಕರು, ನನ್ನ ಸೀಳಿಗೆ ನಗದೆ ಹೋದವರು ಇವಳ ಗುಳ್ಳೆಗೆ ನಕ್ಕರು, ಇವಳದ್ದಲ್ಲ ಅದು, ನನ್ನದು, ಅದನ್ನೂ ಇವಳೇ ತೆಗೆದುಕೊಂಡಳು. ವಾಸನೆ ಪೂರ್ತಿ ಹೋಗುವ ವರೆಗೆ ಬಿಸಿಲಿಗಿಡಿ, ಆಮೇಲೆ ಹುಳ ಬಿಡಿ ಅಂತ ಅವರಿಗೆ ಹೇಳುತ್ತಿದ್ದಾಳೆ, ಸಿರಿಂಜು ತೊಳೆಯುತ್ತಿದ್ದಾಳೆ, ನನ್ನ ಕಡೆ ನೋಡುವುದಿಲ್ಲ, ಇನ್ನು ಬಿಡಬಹುದು ಅಂತಲೂ ಹೇಳುವುದಿಲ್ಲ, ನಾನು ಹಿಡಿದೇ ಇದ್ದೇನೆ, ಹಾಳೆಯ ಆಚೆ ಅವಳು ಪೂರ್ತಿ ಕಾಣುತ್ತಾಳೆ, ಶಾಲು, ಕೈ, ಕೆನ್ನೆ, ನಡುವೆ ಏನೂ ಇಲ್ಲದ ಹಾಗೆ, ನಡುವೆ ಆ ಗುಳ್ಳೆ, ಬೆಳ್ಳಗೆ, ಆ ಗುಳ್ಳೆ —