ಒಂಬತ್ತು ಮುಚ್ಚಳ

ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ಹೀಗೆ. ಅಜ್ಜಿ ಕಣ್ಣು ಮುಚ್ಚಿ ದೇವರನ್ನು ನೆನೆಯುವಳು. ಗಡಿಯಾರ ರಿಪೇರಿ ಮಾಡುವ ಅಪ್ಪ ಮಂಚದ ತುದಿಯಲ್ಲಿ ಕೂತು, ನಡುಗುವ ಕೈಗಳನ್ನು ಮೊಣಕಾಲ ನಡುವೆ ಬಿಗಿಹಿಡಿಯುವನು. ಹತ್ತು ವರ್ಷದ ಮಗಳು ಸಾರಾಯಿ ಬಾಟಲಿಯ ಮುಚ್ಚಳ ತುಂಬಿ, ಹನಿಯೂ ಚೆಲ್ಲದಂತೆ ಅವನ ತುಟಿಗೆ ಹಿಡಿಯುವಳು. ಆಮೇಲೆ ಕೈ ನಿಲ್ಲುತ್ತಿತ್ತು, ಅವನು ಅಂಗಡಿಗೆ ಹೊರಡುತ್ತಿದ್ದ. ಮೊದಲು ಎರಡು ಮುಚ್ಚಳ ಸಾಕಾಗುತ್ತಿತ್ತು. ಮಗುವಿನ ತಾಯಿ ತೀರಿಕೊಂಡ ವರ್ಷ ಐದಾಯಿತು. ಈಗ ಒಂಬತ್ತು.

"ಇದು ಕುಡಿತ ಅಲ್ಲ ಮಗಾ, ಔಷಧಿ. ನಮ್ಮನೇಲಿ ಮಕ್ಕಳ ಕೈಲೇ ಹಾಕಿಸೋದು. ಮಕ್ಕಳ ಕೈಲಿ ಪಾಪ ಇರಲ್ಲ" ಎನ್ನುವಳು ಅಜ್ಜಿ.

"ಡಾಕ್ಟರಮ್ಮಾ, ಇಂಜೆಕ್ಷನ್ ಮಾತ್ರ ಬೇಡಮ್ಮಾ!" ಎಂದು ಅಪ್ಪ ನಗಿಸುವನು. ಮಗುವಿಗೆ ಹೆಮ್ಮೆ. ಹೆಮ್ಮೆಪಡದೆ ಇನ್ನೇನು ಮಾಡೀತು, ಪಾಪ?

ಒಂದು ದಿನ ಅವಳ ಬರವಣಿಗೆ ತಿದ್ದಲು ಬಗ್ಗಿದ ಟೀಚರಿಗೆ ಆ ಬೆರಳುಗಳ ವಾಸನೆ ಬಡಿಯಿತು. ಕೇಳಿದರೆ ಮಗು ಇದ್ದದ್ದನ್ನು ಇದ್ದಂತೆ ಹೇಳಿತು. ವಾರದೊಳಗೆ ಮಕ್ಕಳ ರಕ್ಷಣಾ ಕಚೇರಿಯ ಮೇಡಂ ಬಂದರು. ಅಪ್ಪ ಚಿಕಿತ್ಸೆ ಪಡೆದು ಗುಣವಾಗುವವರೆಗೆ ಮಗು ಸಾಕುಮನೆಯಲ್ಲಿರಲಿ ಎಂದಾಯಿತು.

ಸಾಕಲು ಒಪ್ಪಿದವಳು ಒಂಟಿಯಾಗಿದ್ದ ಟೈಲರಮ್ಮ, ಅರವತ್ತು ದಾಟಿದವಳು. ಮಗು ಅವಳನ್ನು ದೊಡ್ಡಮ್ಮ ಎಂದಿತು. ಮೂರನೆಯ ದಿನ ಕಿಟಕಿಯ ಬಳಿ ಸೂಜಿಗೆ ದಾರ ಪೋಣಿಸುವಾಗ ದೊಡ್ಡಮ್ಮನ ಕೈ ನಡುಗಿತು. ಮಗು ತಟ್ಟನೆ ಎದ್ದು ನಿಂತಿತು.

"ದೊಡ್ಡಮ್ಮಾ, ನಿಮ್ಮ ಬಾಟ್ಲಿ ಎಲ್ಲಿಟ್ಟಿದ್ದೀರಿ? ಎರಡು ಮುಚ್ಚಳ ಹಾಕ್ತೀನಿ, ನಿಂತ್ಹೋಗುತ್ತೆ. ನಾನು ಚೆಲ್ಲಲ್ಲ."

ದೊಡ್ಡಮ್ಮ ಕನ್ನಡಕ ತೆಗೆದು ಮಗುವನ್ನೇ ನೋಡಿದಳು. ಆಮೇಲೆ, "ಇದು ವಯಸ್ಸಿನ ನಡುಕ ಕಣೇ. ನಡುಗಿದ್ರೆ ನಡುಗಲಿ ಬಿಡು. ಬಾ, ದಾರ ನೀನು ಪೋಣಿಸು" ಎಂದಳು.

ಎರಡು ತಿಂಗಳಾಯಿತು. ಮನೆಗೆ ಹೋಗುತ್ತೀಯಾ ಎಂದು ಮಗುವನ್ನು ಕೇಳಲು ಮೇಡಂ ಬರಬೇಕಿದ್ದ ದಿನ, ಅವರಿಗಿಂತ ಮೊದಲೇ ಅಜ್ಜಿ ಮಗನನ್ನು ಕರೆದುಕೊಂಡು ಬಂದಳು. ಅಪ್ಪ ಚಿಕಿತ್ಸೆಗೆ ಹೋಗಿರಲಿಲ್ಲ; ಕಣ್ಣು ಹಳದಿಯಾಗಿತ್ತು.

"ಬರ್ತೀನಿ ಅನ್ನು ಮಗಾ. ಅಳತೆ ಗೊತ್ತಿರೋ ಕೈ ಮನೇಲಿಲ್ಲದೆ ಬಾಟ್ಲಿಗೇ ಬಾಯಿ ಹಾಕ್ತಾನೆ. ಇವನಿಗೆ ಏನಾದ್ರೂ ಆದ್ರೆ ನಿನ್ನಿಂದಲೇ."

ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು. "ಮಗೂ ತಲೆ ಮೇಲೆ ಹೊರಿಸ್ತೀರಲ್ಲಮ್ಮಾ! ಎರಡು ಇದ್ದದ್ದು ಒಂಬತ್ತಾಗೋದು ಯಾವ ಔಷಧಿ? ಆಸ್ಪತ್ರೆಗೆ ಸೇರಿಸಿ."

"ಬಟ್ಟೆ ಹೊಲಿಯೋರು ಬಟ್ಟೆ ಹೊಲೀರಿ. ಆಸ್ಪತ್ರೆಗೆ ಹೋದ್ರೆ ಕುಡುಕ ಅಂತ ಬರ್ಕೋತಾರೆ. ನಮ್ಮ ಯಜಮಾನ್ರಿಗೂ ಹೀಗೇ ಹಾಕಿಸ್ತಿದ್ದೆ. ಕೊನೇ ತನಕ ಅವರ ಕೈ ನಡುಗಲಿಲ್ಲ!"

"ಎಷ್ಟನೇ ವಯಸ್ಸಿಗೆ ಹೋದ್ರು?"

ಅಜ್ಜಿ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮೂವತ್ತೆಂಟು" ಎಂದ ಅಪ್ಪ, ನೆಲ ನೋಡುತ್ತ. "ಹಾಕ್ತಿದ್ದದ್ದು ನಾನು. ನಂಗೂ ಆಗ ಹತ್ತು ವರ್ಷ. ನನ್ನೂ ಡಾಕ್ಟ್ರೇ ಅಂತಿದ್ರು."

ಅಜ್ಜಿ ಚೀಲದಿಂದ ಬಾಟಲಿ ತೆಗೆದು, ಮುಚ್ಚಳವನ್ನು ಮೊಮ್ಮಗಳ ಕೈಗೆ ತುರುಕಿದಳು. "ದೇವರನ್ನ ನೆನೆದು ಹಾಕು. ನೋಡು, ಹೇಗೆ ನಡುಗ್ತಿದ್ದಾನೆ."

ಮಗು ಕಣ್ಣು ಮುಚ್ಚಿತು. ದೇವರನ್ನು ನೆನೆಯಿತೆಂದೇ ನಾನು ನಂಬಿದ್ದೇನೆ. ಕಣ್ಣು ತೆರೆದು ಮುಚ್ಚಳವನ್ನು ಬಟ್ಟೆಚೂರುಗಳ ಮೇಲಿಟ್ಟಿತು.

"ಅಪ್ಪಾ, ನಾನು ಹಾಕಲ್ಲ. ಇನ್ಯಾವತ್ತೂ ಹಾಕಲ್ಲ. ಈಗ ಮನೆಗೂ ಬರಲ್ಲ. ನೀನು ನಿಜವಾದ ಡಾಕ್ಟರ ಹತ್ರ ಹೋಗಪ್ಪಾ."

ಅಪ್ಪ ಅವಳ ತಲೆ ಮುಟ್ಟಲು ಕೈ ಎತ್ತಿದ. ಆ ಕೈ ತಲೆಯವರೆಗೆ ಬರದೆ ಬಾಟಲಿಯ ಕಡೆ ತಿರುಗಿತು. ಬಾಟಲಿ ಹಿಡಿದು ಹೊರಗೆ ಹೋದ. "ಕಲ್ಲು ಮನಸ್ಸು ನಿಂದು!" ಎನ್ನುತ್ತ ಅಜ್ಜಿ ಹಿಂದೆಯೇ ಓಡಿದಳು.

ಮಗು ಸೂಜಿ ಎತ್ತಿಕೊಂಡಿತು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಎರಡನೆಯ ಸಲವೂ ಹೋಗಲಿಲ್ಲ.

"ದೊಡ್ಡಮ್ಮಾ, ನಂದೂ ನಡುಗ್ತಿದೆ."

"ನಡುಗಲಿ ಬಿಡು." ದೊಡ್ಡಮ್ಮ ಪಕ್ಕದಲ್ಲಿ ಕೂತು ಸೂಜಿ ಹಿಡಿದಳು, ಮಗು ದಾರ ಹಿಡಿಯಿತು. ನಾಲ್ಕನೆಯ ಸಲಕ್ಕೆ ದಾರ ಹೊಕ್ಕಿತು.

ಮೇಡಂ ಬಾಗಿಲು ತಟ್ಟಿದರು. ಮಗು ತಾನೇ ಎದ್ದು ಹೋಗಿ ತೆರೆಯಿತು.