ಗಾನಶ್ರೀಯ ಒಪ್ಪಿಗೆ

ಮಾತ್ರೆಯ ವಿಷಯ ಕೇಳಿದ ಮೇಲೆ ಪುತ್ತೂರಿನಲ್ಲಿ ಯಾರೂ ಸೋಣಿಯಾಳಿಗೆ ಕೋಣೆ ಕೊಡುತ್ತಿರಲಿಲ್ಲ. ಕಾಲೇಜಿನ ಮೊದಲ ವರ್ಷ ಹಾಸ್ಟೆಲಿನಲ್ಲಿ ಅವಳ ಕಿವಿಯೊಳಗೆ ಯಾರೋ ಮಾತಾಡತೊಡಗಿದ್ದರು. ಅವಳು ಉತ್ತರ ಕೊಡುತ್ತಿದ್ದಳು. ಜೊತೆಯ ಹುಡುಗಿಯರು ಹೆದರಿದರು, ವಾರ್ಡನ್ ಅವಳ ಅಪ್ಪನನ್ನು ಕರೆಸಿದರು. ಈಗ ಮಾತ್ರೆಯಿಂದ ಎಲ್ಲ ನಿಂತಿತ್ತು. ಆದರೆ ಮಾತ್ರೆಯ ಮಂಪರಿನಲ್ಲಿ ತನ್ನೂರು ನೆಲ್ಯಾಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗಲು ಅವಳಿಂದ ಆಗುತ್ತಿರಲಿಲ್ಲ. ಈ ಸಲ ಕೋಣೆ ಸಿಗದಿದ್ದರೆ ಓದು ಸಾಕು ಎಂದು ಅಪ್ಪ ಮತ್ತಾಯಿ ಹೇಳಿಬಿಟ್ಟಿದ್ದ.

ಕೊನೆಗೆ ಹೋದ ದರ್ಬೆಯ ಲೋಲಾಕ್ಷಿಯ ಎದುರೂ ಮತ್ತಾಯಿ ಏನನ್ನೂ ಮುಚ್ಚಿಡಲಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದ ಆ ಹೆಂಗಸು ಬೀಡಿ ಕಟ್ಟುವ ಕೈ ನಿಲ್ಲಿಸಿ ಸೋಣಿಯಾಳನ್ನು ನೋಡಿದಳು.

"ಮಾತು ಕೇಳುದಾ? ಯಾರದ್ದು?"

"ಈಗ ಎಂತದೂ ಕೇಳುದಿಲ್ಲ ಅಕ್ಕ."

"ಇರ್ಲಿ. ಒಳಗೆ ಬಾ."

ಕೋಣೆಯಲ್ಲಿ ಎರಡು ಮಂಚ. ಒಂದು ಗಾನಶ್ರೀಯದು. ಗಾನಶ್ರೀ ಲೋಲಾಕ್ಷಿಯ ಮಗಳು. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡವಳು. ಆದರೆ ಪ್ರತಿ ದೀಪಾವಳಿಗೆ ಅವಳಿಗೆಂದು ತೆಗೆದ ಬಟ್ಟೆಗಳು ಪೆಟ್ಟಿಗೆಯಲ್ಲಿದ್ದವು, ವರ್ಷ ಹೋದಂತೆ ಅಳತೆ ದೊಡ್ಡದಾಗುತ್ತ. ಎಲ್ಲಕ್ಕಿಂತ ಮೇಲಿದ್ದ ಚೂಡಿದಾರ ಸೋಣಿಯಾಳಿಗೆ ಸರಿಯಾಗುವಂತಿತ್ತು.

ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಸುಳ್ಯದ ಕಡೆಯಿಂದ ಗಾನಶ್ರೀಗೆ ಸಂಬಂಧ ಬಂತು. ಮದುವೆಯಾಗದೆ ಸತ್ತವರಿಗೆ ಆ ತಿಂಗಳಲ್ಲಿ ಮದುವೆ ಮಾಡಿಸುವುದು ಊರಿನ ಕ್ರಮ. ಹುಡುಗ ಹೊಳೆಯಲ್ಲಿ ಮುಳುಗಿ ಹೋದವನು. ಅವನ ಸೋದರಮಾವ ಚನಿಯಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರಿದ.

"ಕುಡಿಯುದಿಲ್ಲ, ಇಸ್ಪೀಟು ಇಲ್ಲ. ಇನ್ನು ಕಲಿತಾನು ಅಂತ ಹೆದರಿಕೆಯೂ ಇಲ್ಲ ಮಾರಾಯ್ರೆ."

ಲೋಲಾಕ್ಷಿ ನಗಲಿಲ್ಲ. ಒಳಗೆ ಬಂದು ಬಾಗಿಲು ಎಳೆದುಕೊಂಡಳು.

"ಸೋಣಿಯಾ, ಅವಳಿಗೆ ಒಪ್ಪಿಗೆ ಉಂಟಾ ಕೇಳು."

"ನನಗೆ ಕೇಳುದಿಲ್ಲ ಅಕ್ಕ. ಮದ್ದು ತಗೊಳ್ತೇನಲ್ಲ."

"ಮತ್ತೆ ನಿನ್ನನ್ನು ಇಲ್ಲಿ ಇಟ್ಟದ್ದು ಎಂತಕ್ಕೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು.

ಸೋಣಿಯಾ ಗಾನಶ್ರೀಯ ಮಂಚದ ಅಂಚಿನಲ್ಲಿ ಕೂತಳು. ಒಪ್ಪಿಗೆ ಉಂಟು ಎಂದು ಹೇಳಿದರೆ ಗಾನಶ್ರೀ ಸುಳ್ಯಕ್ಕೆ ಹೋಗುತ್ತಾಳೆ. ಆಮೇಲೆ ಅವಳ ಮಾತು ಕೇಳಿ ಹೇಳುವವಳೊಬ್ಬಳು ಈ ಮನೆಗೆ ಬೇಡ, ಕೋಣೆಯೂ ಹೋಗುತ್ತದೆ. ತಲೆದಿಂಬಿನ ಕಡೆ ಕಿವಿ ಬಾಗಿಸಿ ಹೇಳಿದಳು: "ಬೇಡಂತೆ ಅಕ್ಕ. ನಿಮ್ಮನ್ನು ಬಿಟ್ಟು ಹೋಗುದಿಲ್ಲಂತೆ."

ಲೋಲಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗೆ ಹೋಗಿ ಚನಿಯಪ್ಪನಿಗೆ ಚಾ ಕೊಟ್ಟು ವಿಷಯ ತಿಳಿಸಿದಳು.

"ಸತ್ತ ಮೇಲೂ ಹುಡುಗಿಯರದ್ದು ಇಷ್ಟು ಜೋರಾ!" ಎಂದು ಗೊಣಗುತ್ತ ಅವನು ಕೊಡೆ ಬಿಡಿಸಿದ.

ಆವತ್ತಿನಿಂದ ಕೋಣೆಗೆ ಎರಡು ಬಟ್ಟಲು ಊಟ ಬರತೊಡಗಿತು. ಸಂಜೆ ಬೀಡಿಯ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಲೋಲಾಕ್ಷಿ ಕೇಳುತ್ತಿದ್ದಳು: "ಇವತ್ತು ಎಂತ ಹೇಳಿದಳು?" ಮೊದಮೊದಲು ಸೋಣಿಯಾ ಕಾಲೇಜಿನಿಂದ ಬರುವ ದಾರಿಯಲ್ಲೇ ಉತ್ತರ ಯೋಚಿಸಿಕೊಳ್ಳುತ್ತಿದ್ದಳು. ಪತ್ರೊಡೆ ಬೇಕಂತೆ. ಬೆಕ್ಕಿಗೆ ಬೈಬಾರದಂತೆ. ಬರಬರುತ್ತ ಯೋಚಿಸಬೇಕಾಗಿಯೇ ಬರಲಿಲ್ಲ.

ಒಂದು ರಜೆಯ ದಿನ ಲೋಲಾಕ್ಷಿ ಏನೂ ಕೇಳದೆ ಬೀಡಿ ಎಲೆ ಕತ್ತರಿಸುತ್ತಿದ್ದಳು. ಪುಸ್ತಕದಿಂದ ಮುಖ ಎತ್ತದೆ ಸೋಣಿಯಾ ಹೇಳಿದಳು: "ಅಕ್ಕ, ಅವಳಿಗೆ ಮೀಯಲು ಬಿಸಿನೀರು ಬೇಕಂತೆ."

ತಾನು ಹೇಳಿದ್ದು ಆಮೇಲಷ್ಟೇ ಅವಳಿಗೆ ತಿಳಿಯಿತು. ಎದ್ದು ಹೋಗಿ ಮಾತ್ರೆಯ ಹಾಳೆ ನೋಡಿದಳು. ಒಂದನ್ನೂ ತಪ್ಪಿಸಿರಲಿಲ್ಲ. ಡಾಕ್ಟರಿಗೆ ಹೇಳಬೇಕು. ಹೇಳಿದರೆ ಅವರು ಅಪ್ಪನನ್ನು ಕರೆಸುತ್ತಾರೆ. ಅಪ್ಪ ಜೀಪು ತಂದು ಹಾಸಿಗೆ ಕಟ್ಟಿಸುತ್ತಾನೆ. ಪರೀಕ್ಷೆ ಹತ್ತಿರವಿತ್ತು. ಫೋನು ಕೈಗೆತ್ತಿಕೊಂಡವಳು ಹಾಗೆಯೇ ಇಟ್ಟಳು.

ಲೋಲಾಕ್ಷಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. ಬಚ್ಚಲಿನಲ್ಲಿ ಹಂಡೆಗೆ ನೀರು ಬೀಳುವ ಸದ್ದು, ಒಲೆಗೆ ತೆಂಗಿನ ಮಡಲು ಮುರಿದು ಹಾಕುವ ಸದ್ದು ಕೇಳಿತು.

"ಬೇಗ ಬನ್ನಿ ಮಕ್ಕಳೇ," ಎಂದು ಅಲ್ಲಿಂದಲೇ ಕರೆದಳು, "ಮತ್ತೆ ತಣಿದು ಹೋಗ್ತದೆ."

ಸೋಣಿಯಾ ಹಗ್ಗದಿಂದ ಮೈ ಒರೆಸುವ ಎರಡು ಬೈರಾಸು ತೆಗೆದಳು.